ನುಂಗಿದ ಹಕಾರಗಳ ಲೆಕ್ಕ

೧೯೫೯ನೆಯ ಇಸವಿ ಫೆಬ್ರವರಿ ೧೭, ಮಂಗಳವಾರ. ಸಂಜೆ ಆರೂ ಕಾಲು. ಚಾಮರಾಜನಗರದಲ್ಲಿ, ಚಿಕ್ಕಮ್ಮನ ಮನೆಯ ಜಗಲಿಯಲ್ಲಿ ಕೂತು ಇದನ್ನು ಬರೆಯಲು ಶುರುಮಾಡಿದ್ದೇನೆ.

ಇವತ್ತು ಮಧ್ಯಾಹ್ನ ಅಭ್ಯಾಸ ಪಾಠಕ್ಕೆಂದು ನನ್ನನ್ನು ಕಳಿಸಿದ್ದ ಶಾಲೆಯಲ್ಲಿ ಮಕ್ಕಳು ಬಿಡುವಿನ ವೇಳೆ ಸ್ಲೇಟು ಕಪ್ಪಾಗಲೆಂದು ತೊಂಡೆ ಎಲೆ ಉಜ್ಜುತ್ತಿದ್ದರು. ಎಲೆಯ ಹಸಿರು ರಸ, ಅದಕ್ಕೆ ಬೆರೆತ ಇದ್ದಿಲ ಪುಡಿ. ಆ ವಾಸನೆ ಮೂಗಿಗೆ ಬಿದ್ದದ್ದೇ ಬಾಗಿಲಲ್ಲಿ ನಿಂತುಬಿಟ್ಟೆ. ಏಳು ವರ್ಷ ಎರಡು ತಿಂಗಳ ಹಿಂದೆ ಒಂದು ಬುಧವಾರ, ಮೂವತ್ತೊಂದು ಸ್ಲೇಟುಗಳಿಂದ ಒಟ್ಟಿಗೆ ಇದೇ ವಾಸನೆ ಬಂದಿತ್ತು. ಅವತ್ತು ನಮ್ಮ ಮೇಷ್ಟ್ರು ಕರಿಹಲಗೆಯ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು...

ನಾನು ಉಪಾಧ್ಯಾಯಿನಿ ತರಬೇತಿಗೆ ಓದುತ್ತಿದ್ದೇನೆ. ಬರುವ ಜೂನಿನಲ್ಲಿ ಎಲ್ಲಾದರೂ ಒಂದು ಹಳ್ಳಿಯ ಶಾಲೆ ನನಗೆ ಸಿಗಬಹುದು. ಅದಕ್ಕೆ ಮೊದಲು ನಮ್ಮ ಮೇಷ್ಟ್ರ ಬಗ್ಗೆ ಬರೆದು ಪತ್ರಿಕೆಗೆ ಕಳಿಸಬೇಕು ಅನ್ನಿಸಿತು.

ನಮ್ಮದು ಹಂಗಳದಿಂದ ಕಾಡಿನ ಕಡೆಗೆ ಇರುವ ಒಂದು ಚಿಕ್ಕ ಊರು. ಒಂದೇ ಕೋಣೆಯ ಶಾಲೆ. ಮೂರನೆಯ ಮತ್ತು ನಾಲ್ಕನೆಯ ತರಗತಿಗಳು ಒಟ್ಟಿಗೆ ಕೂರುತ್ತಿದ್ದವು. ೧೯೫೧ರ ದಸರಾ ರಜ ಮುಗಿದ ಮೇಲೆ, ಮೊದಲಿದ್ದ ಮೇಷ್ಟ್ರಿಗೆ ಬದಲಾಗಿ ಇವರು ಬಂದರು. ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಹಂಗಳದವರೆಗೆ, ಅಲ್ಲಿಂದ ಒಂದು ತಗಡಿನ ಪೆಟ್ಟಿಗೆಯನ್ನು ಹೆಗಲ ಮೇಲಿಟ್ಟುಕೊಂಡು ನಡೆದೇ ಬಂದರು. ಉಡಿಗಾಲದ ಕಡೆಯ ರೈತರ ಮನೆಯವರು. ಅವರ ಮನೆಯಲ್ಲಿ ಓದು ಕಲಿತವರಲ್ಲಿ ಮೊದಲಿಗರು. ವಯಸ್ಸು ಇಪ್ಪತ್ತೆರಡೋ ಇಪ್ಪತ್ತಮೂರೋ ಇದ್ದೀತು. ಕೆಲಸ ಹಂಗಾಮಿ. ಇನ್‌ಸ್ಪೆಕ್ಟರ್ ಬಂದು ನೋಡಿ ಸರಿ ಅಂದರೆ ಉಂಟು, ಇಲ್ಲವೆಂದರೆ ಇಲ್ಲ. ಅದನ್ನು ಅವರು ಮೊದಲ ದಿನವೇ ನಮ್ಮ ಮುಂದೆ ಹೇಳಿಬಿಟ್ಟರು, ನಾವೆಲ್ಲ ದೊಡ್ಡವರು ಎನ್ನುವ ಹಾಗೆ.

ಎರಡನೆಯ ದಿನ ಅವರು ಕರಿಹಲಗೆಯ ಬಲಗಡೆ ಒಂದು ಗೆರೆ ಎಳೆದು, "ಈ ಅವಧಿಯಲ್ಲಿ ಕಲಿಯಬೇಕಾದದ್ದು" ಎಂದು ದುಂಡಗೆ ಬರೆದರು. ಕೆಳಗೆ ಹದಿನಾರರವರೆಗೆ ಮಗ್ಗಿ, ನಮ್ಮ ತಾಲ್ಲೂಕಿನ ಭೂಪಟ, ಎರಡು ಪದ್ಯ, ತಕಲಿಯಲ್ಲಿ ನೂಲುವುದು, ಉಕ್ತಲೇಖನ. ಕಲಿತದ್ದನ್ನು ಒಂದೊಂದಾಗಿ ಹೊಡೆದುಹಾಕಬೇಕು, ಸಂಕ್ರಾಂತಿಯ ಹೊತ್ತಿಗೆ ಆ ಕಡೆ ಖಾಲಿಯಾಗಬೇಕು ಎಂದರು. ಭೂಪಟ ಹದಿನೈದು ದಿನದಲ್ಲಿ ಹೋಯಿತು. ತಕಲಿಯೂ ಹೋಯಿತು, ನೂಲು ಹೇಗೇ ಬಂದಿರಲಿ. ಉಕ್ತಲೇಖನ ಮಾತ್ರ ಕದಲಲಿಲ್ಲ.

ಕಾರಣ ಹಕಾರ. ನಮ್ಮ ಕಡೆ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲು, ಹೊಲ ಒಲ, ಹಸು ಅಸು. ಕೇಳಿದ್ದನ್ನು ಬರೆಯುವ ಮಕ್ಕಳು ಹಾಗೆಯೇ ಬರೆಯುತ್ತಾರೆ. ಅಕ್ಟೋಬರ್ ೨೪ರಂದು ನಡೆದ ಮೊದಲ ಉಕ್ತಲೇಖನದಲ್ಲಿ ನಾವು ಮೂವತ್ತೊಂದು ಜನ ಸೇರಿ ಬಿಟ್ಟ ಹಕಾರ ನೂರ ಅರವತ್ತಮೂರು. ಈ ಲೆಕ್ಕ ನನ್ನದು. ನಾನು ಏನನ್ನಾದರೂ ಎಣಿಸುತ್ತಲೇ ಇರುತ್ತೇನೆ ಎಂದು ಅವರು ಬೇಗ ಕಂಡುಕೊಂಡಿದ್ದರು. ಒಂದು ದಿನ ಉಳಿದ ಹಾಳೆಗಳನ್ನು ದಾರದಲ್ಲಿ ಹೊಲಿದು, ಕಂದು ಕಾಗದದ ರಟ್ಟು ಹಾಕಿ, ಒಂದು ಪುಸ್ತಕವನ್ನು ನನ್ನ ಕೈಗಿತ್ತರು.

"ದಿನಾ ಯಾರ್ಯಾರು ಎಷ್ಟೆಷ್ಟು ಬುಟ್ರು ಅಂತ ಬರ್ಕೊ ಕಣಮ್ಮಿ. ಕಮ್ಮಿ ಆಯ್ತದೋ ಜಾಸ್ತಿ ಆಯ್ತದೋ ನೋಡನ."

ನನ್ನ ಬದುಕಿನ ಮೊದಲ ಲೆಕ್ಕದ ಪುಸ್ತಕ ಅದು.

ಆದರೆ ಮೇಷ್ಟ್ರ ಬಾಯಿಯೂ ನಮ್ಮ ಬಾಯಿಯೇ. ಪುಸ್ತಕ ನೋಡಿ ಓದುವಾಗ ಹಕಾರ ಬರುತ್ತಿತ್ತು. ಪುಸ್ತಕ ಮುಚ್ಚಿದರೆ ಅದೂ ಮುಚ್ಚಿಕೊಳ್ಳುತ್ತಿತ್ತು. ಹಿಂದಿನ ಸಾಲಿನ ದಪ್ಪ ಹುಡುಗನನ್ನು ಒಂದು ದಿನ ಎಬ್ಬಿಸಿದರು.

"ಏಳ್ಲಾ, ಏಳ್ರ ಮಗ್ಗಿ ಏಳು."

ಮೊದಲನೆಯದು ನಿಲ್ಲು ಎಂದು, ಎರಡನೆಯದು ಲೆಕ್ಕದ ಏಳು, ಮೂರನೆಯದು ಬಾಯಿಬಿಟ್ಟು ಹೇಳು ಎಂದು. ಹುಡುಗ ನಿಂತ, ಸುಮ್ಮನಿದ್ದ. "ಏಳ್ಲಾ!" ಎಂದರು. ಅವನು ಪಾದ ಎತ್ತಿ ತುದಿಬೆರಳ ಮೇಲೆ ನಿಂತ. ಮತ್ತೆ "ಏಳು ಅಂದ್ರ ಏಳ್ಬಾರ್ದಾ?" ಎಂದಾಗ ಬೆಂಚಿನ ಮೇಲೆ ಹತ್ತಿದ. ಹತ್ತಿದವನು ಅಳುಮುಖ ಮಾಡಿಕೊಂಡು, "ಇನ್ನ ಎಲ್ಲಿಗ ಏಳ್ಲಿ ಸಾ, ಮ್ಯಾಕ ತೊಲೆ ಅದ!" ಎಂದ. ನಾವು ನಕ್ಕೆವು. ಮೇಷ್ಟ್ರೂ ನಕ್ಕರು. ಆದರೆ ನಗುತ್ತಲೇ ಅವರ ಮುಖ ಸ್ವಲ್ಪ ಬಾಡಿದ್ದನ್ನು ನಾನು ಕಂಡೆ.

ನವೆಂಬರ್ ೫, ಸೋಮವಾರ. ನನ್ನ ಪಕ್ಕ ಕೂರುತ್ತಿದ್ದ ಹುಡುಗಿಗೆ ಉಕ್ತಲೇಖನದಲ್ಲಿ ಹತ್ತಕ್ಕೆ ಎರಡೇ ಬಂತು. ಅವಳು ಸೆರಗಿಲ್ಲದ ಲಂಗದಲ್ಲೇ ಕಣ್ಣೊರೆಸಿಕೊಂಡು, "ಅವ್ರು ಅಳ್ಳ ಅಂದ್ರು, ನಾನು ಅಳ್ಳ ಅಂತ ಬರ್ದಿ. ನನ್ ತಪ್ಪು ಎಲ್ಲದ?" ಎಂದು ಕೇಳಿದಳು. ನ್ಯಾಯವಾದ ಮಾತು. ಆ ಸಂಜೆಯಿಂದ ನಾನು ಪುಸ್ತಕದ ಎಡ ಪುಟದಲ್ಲಿ ಮಕ್ಕಳ ತಪ್ಪುಗಳನ್ನೂ, ಬಲ ಪುಟದಲ್ಲಿ ಮೇಷ್ಟ್ರು ನುಂಗಿದ ಹಕಾರಗಳನ್ನೂ ಬರೆಯತೊಡಗಿದೆ. ಮೊದಲ ದಿನ ಇಪ್ಪತ್ತೇಳು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಒಂದು ಕಡೆಯ ಲೆಕ್ಕ ಮಾತ್ರ ಇಟ್ಟರೆ ಅದು ಲೆಕ್ಕವಲ್ಲ ಅನ್ನಿಸಿತ್ತು, ಅಷ್ಟೆ.

ಆ ಪುಸ್ತಕವನ್ನು ನಾನು ಮನೆಯ ಗೋಡೆಗೂಡಿನಲ್ಲಿ ಇಡುತ್ತಿದ್ದೆ. ನವೆಂಬರ್ ೨೩ರ ಸಂಜೆ ಅಪ್ಪ ಎಲೆಅಡಿಕೆಗೆಂದು ಗೂಡಿಗೆ ಕೈಹಾಕಿದವನು ಪುಸ್ತಕ ತೆಗೆದ. ಅಪ್ಪನಿಗೆ ಕೂಡಿಸಿ ಕೂಡಿಸಿ ಓದಲು ಬರುತ್ತಿತ್ತು. ಬಲ ಪುಟ ಅರ್ಥವಾದದ್ದೇ ಎದೆ ಉಬ್ಬಿಸಿಕೊಂಡು ಜಗಲಿಗೆ ಹೋದ. ಅಲ್ಲಿ ಐದಾರು ಜನ ಕೂತಿದ್ದರು. ಊರ ಪಟೇಲರೂ ಇದ್ದರು.

"ನೋಡ್ರಪ್ಪಾ, ನನ್ ಮಗ್ಳು ಮೇಷ್ಟ್ರಿಗೇ ಮಾರ್ಕ್ ಆಕವ್ಳ!"

ಅಪ್ಪ ಒಂದೊಂದೇ ಮಾತು ಓದಿದ, ಅವರು ನಕ್ಕರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಮೊದಲು ನನಗೂ ಹಿಗ್ಗಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಪಟೇಲರು ನಗು ನಿಲ್ಲಿಸಿದರು.

"ನಮ್ಮಟ್ಟಿ ಮಾತ್ನೇ ಕಲಿಯಕ ಇಸ್ಕೂಲ್ ಯಾಕ್ಲಾ? ಅಂಗಾರೆ ಐಕಳ ಎಮ್ಮೆ ಮೇಯ್ಸಕ ಕಳ್ಸದೇ ವಾಸಿ. ಒಂದು ಅರ್ಜಿ ಆಕನ. ಬ್ಯಾರೆ ಮೇಷ್ಟ್ರ ಕಳ್ಸಿ ಅಂತ ಏಳನ."

ಮನೆಗೆ ನಾವು ಅನ್ನುವ 'ಹಟ್ಟಿ'ಯಿಂದ ಹಿಡಿದು, ಆ ಒಂದು ಮಾತಿನಲ್ಲಿ ಪಟೇಲರು ನುಂಗಿದ ಹಕಾರ ಐದು. ನಾನು ಎಣಿಸಿದೆ. ಬರೆದುಕೊಳ್ಳಲಿಲ್ಲ.

ಸೋಮವಾರ ಶಾಲೆಗೆ ಹೋಗುವ ಹೊತ್ತಿಗೆ ಸುದ್ದಿ ಊರೆಲ್ಲ ಮುಟ್ಟಿತ್ತು. ಅರ್ಜಿ ಹೋಗಿದೆ, ಇನ್‌ಸ್ಪೆಕ್ಟರ್ ಬರುತ್ತಾರೆ, ಈ ಮೇಷ್ಟ್ರು ಉಳಿಯುವುದಿಲ್ಲ. ಬೆಳಗಿನ ಮಗ್ಗಿ ಮುಗಿದ ಮೇಲೆ ಅವರು ನನ್ನನ್ನು ಕರೆದು ಕೈ ಚಾಚಿದರು.

"ಪುಸ್ತಕ ಕೊಡಮ್ಮಿ."

ಕೊಟ್ಟೆ. ಏಟು ಬೀಳುತ್ತದೆ ಎಂದು ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತೆ. ಅವರು ಕಿಟಕಿಯ ಹತ್ತಿರ ಹೋಗಿ ಬಲ ಪುಟಗಳನ್ನು ಮಾತ್ರ ಓದಿದರು, ಮೊದಲಿನಿಂದ ಕೊನೆಯವರೆಗೆ. ಬಹಳ ಹೊತ್ತು. ಹೊರಗೆ ಯಾರದೋ ಗಾಡಿ ಹೋಯಿತು. ಅದರ ಸದ್ದು ಪೂರಾ ಅಡಗಿದ ಮೇಲೂ ಓದುತ್ತಲೇ ಇದ್ದರು... ಆಮೇಲೆ ಮೊದಲ ಪುಟಕ್ಕೆ ತಿರುಗಿ ಬೆರಳಿಟ್ಟರು.

"ಇಪ್ಪತ್ತೇಳಲ್ಲ ಕಣಮ್ಮಿ, ಇಪ್ಪತ್ತೆಂಟು. ಅವತ್ತು ಬಾವಿ ಪಾಠ ಮಾಡ್ದಾಗ ಅಗ್ಗ ಅಂದಿದ್ದಿ, ಅದ ಬುಟ್ಬುಟ್ಟಿದ್ದೀಯ."

ಈಗ ಇಪ್ಪತ್ತೊಂಬತ್ತಾಯಿತು ಎಂಬ ಮಾತು ನನ್ನ ನಾಲಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡೆ. ಅವರಿಗೇ ಹೊಳೆಯಿತು. "ಹಗ್ಗ" ಎಂದು ನಿಧಾನವಾಗಿ, ಎದೆಯಿಂದ ಗಾಳಿ ತಂದು ಹೇಳಿದರು. ನನಗೆ ಅಳು ಬಂತು. ಅಪ್ಪ ಪುಸ್ತಕ ಓದಿದ್ದು, ಪಟೇಲರ ಮಾತು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

"ನೀ ಯಾಕ ಅಳ್ತಿಯಾ? ಇರದ್ನೇ ತಾನೆ ಬರ್ದಿರದು" ಎಂದರು. ಆಮೇಲೆ ಪುಸ್ತಕವನ್ನು ನನ್ನ ಕೈಗೇ ಹಿಂದಿರುಗಿಸಿ, "ಬಾಯಿ ಹಟ್ಟೀದು ಕಣಮ್ಮಿ, ಕೈ ಇಸ್ಕೂಲ್ದು. ಕೈ ಬ್ಯಾಗ ಕಲೀತದ, ಬಾಯಿ ತಡ" ಎಂದರು. 'ಹಟ್ಟಿ' ಎನ್ನುವಾಗ ಹಕಾರ ಬಂದಿತ್ತು. ಅದನ್ನೂ ಗುರುತಿಸಿಕೊಂಡೆ.

ಮರುದಿನ ಅವರು ಶಾಲೆಗೆ ಒಂದು ಕೋಳಿಪುಕ್ಕ ತಂದರು. ಬೀದಿಯಲ್ಲಿ ಆಯ್ದದ್ದು, ಬೂದು ಬಣ್ಣದ್ದು. ಅದನ್ನು ತುಟಿಯ ಮುಂದೆ ಹಿಡಿದು "ಅ" ಎಂದರು, ಪುಕ್ಕ ಸುಮ್ಮನಿತ್ತು. "ಹ" ಎಂದರು, ನಡುಗಿತು. ಅವತ್ತಿನಿಂದ ಉಕ್ತಲೇಖನಕ್ಕೆ ಮೊದಲು ಕಾಲು ಗಂಟೆ ಪುಕ್ಕದ ಪಾಠ. ಒಬ್ಬೊಬ್ಬರೇ ಮುಂದೆ ಬಂದು ಪುಕ್ಕ ಅಲ್ಲಾಡಿಸಬೇಕು. ಅರಸು, ಹರಸು. ಆಡು, ಹಾಡು. ಉಳಿ, ಹುಳಿ. ಎಲ್ಲರದ್ದೂ ಮುಗಿದ ಮೇಲೆ ಮೇಷ್ಟ್ರದ್ದು. ಅವರು ಹೇಳುವಾಗ ಪುಕ್ಕ ಹಿಡಿಯುವ ಕೆಲಸ ನನಗೆ. ಅಲ್ಲಾಡದಿದ್ದರೆ ನಾನು ತಲೆಯಲ್ಲಾಡಿಸಬೇಕು, ಅವರು ಮತ್ತೆ ಹೇಳಬೇಕು. ದೊಡ್ಡವರೊಬ್ಬರು ನಮ್ಮೆದುರು ನಿಂತು ತಪ್ಪಿ, ತಿದ್ದಿಕೊಂಡು, ಮತ್ತೆ ತಪ್ಪುವುದನ್ನು ನಾವು ಅದುವರೆಗೆ ನೋಡಿರಲಿಲ್ಲ. ಅವರು ತಪ್ಪಿದಾಗ ಯಾರೂ ನಗುತ್ತಿರಲಿಲ್ಲ. ಆ ದಪ್ಪ ಹುಡುಗನಂತೂ ಅವರ ಜೊತೆಗೆ ತಾನೂ ಕೆನ್ನೆ ಉಬ್ಬಿಸಿ ಉಸಿರು ಬಿಡುತ್ತಿದ್ದ.

ಇದರಿಂದ ಬೇರೊಂದು ತಾಪತ್ರಯ ಬಂತು. ಹಕಾರ ಬರಲು ಶುರುವಾದ ಮೇಲೆ ಬೇಡದ ಕಡೆಗೂ ಬರತೊಡಗಿತು. ಮೂರನೆಯ ತರಗತಿಯಲ್ಲಿದ್ದ ನನ್ನ ತಮ್ಮ ಮನೆಗೆ ಬಂದು "ಹಪ್ಪಾ!" ಎಂದು ಕೂಗಿದ. ಅಪ್ಪ ಬೆಪ್ಪಾಗಿ, "ನಾನೇನು ಅಪ್ಪಳವೇನ್ಲಾ, ಸುಟ್ಕಂಡು ತಿನ್ನಕ?" ಎಂದ. ಮರುದಿನ ಇದನ್ನು ಹೇಳಿದಾಗ ಮೇಷ್ಟ್ರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ನನ್ನ ಪುಸ್ತಕದಲ್ಲಿ ಇನ್ನೊಂದು ಗೆರೆ ಎಳೆದುಕೊಟ್ಟರು. ಬಿಟ್ಟ ಹಕಾರ ಒಂದು ಕಡೆ, ಇಲ್ಲದಲ್ಲಿ ತಂದ ಹಕಾರ ಇನ್ನೊಂದು ಕಡೆ.

ನಾವು ಕಲಿತ ಬಗೆಯನ್ನು ಈಗ ಯೋಚಿಸಿದರೆ ಆಶ್ಚರ್ಯವಾಗುತ್ತದೆ. ಮೇಷ್ಟ್ರ ಬಾಯಿಯನ್ನು ನೆಚ್ಚಿಕೊಂಡರೆ ಆಗದು ಎಂದು ಗೊತ್ತಾದ ಮೇಲೆ ನಾವು ಪ್ರತಿಯೊಂದು ಮಾತನ್ನೂ ತಲೆಯಲ್ಲಿ ಒಮ್ಮೆ ಹಿಡಿದು ನೋಡಿ ಬರೆಯತೊಡಗಿದೆವು. ಡಿಸೆಂಬರ್ ಎರಡನೆಯ ವಾರಕ್ಕೆ ಮಕ್ಕಳ ತಪ್ಪು ಇಪ್ಪತ್ತೆರಡಕ್ಕೆ ಇಳಿಯಿತು. ಮೇಷ್ಟ್ರದ್ದು ನಾಲ್ಕು.

ಡಿಸೆಂಬರ್ ೧೯, ಬುಧವಾರ, ಇನ್‌ಸ್ಪೆಕ್ಟರ್ ಬಂದರು. ಹಂಗಳದಿಂದ ಸೈಕಲ್ಲಿನಲ್ಲಿ ಬಂದ ಅವರ ಪಂಚೆಯ ಅಂಚೆಲ್ಲ ಕೆಂಪು ಧೂಳು. ನಾವು ಬೆಳಗ್ಗೆಯೇ ತೊಂಡೆ ಎಲೆ ತಂದು ಮೂವತ್ತೊಂದು ಸ್ಲೇಟುಗಳನ್ನೂ ಕರ್ರಗೆ ಮಾಡಿಟ್ಟಿದ್ದೆವು. ಪಟೇಲರು ಬಾಗಿಲಲ್ಲಿ ನಿಂತರು. ಇನ್‌ಸ್ಪೆಕ್ಟರ್ ಕುರ್ಚಿಯಲ್ಲಿ ಕೂತು, "ನೀವೇ ಉಕ್ತಲೇಖನ ಕೊಡಿ ಮೇಷ್ಟ್ರೇ. ಪುಸ್ತಕ ಬೇಡ" ಎಂದರು.

ಮೇಷ್ಟ್ರು ಹಲಗೆಯ ಪಕ್ಕ ಕೈಕಟ್ಟಿ ನಿಂತರು. ಪುಕ್ಕ ಅವರ ಜೇಬಿನಲ್ಲಿತ್ತು, ತುದಿ ಕಾಣುತ್ತಿತ್ತು. ಶುರುಮಾಡಿದರು.

"ಹಳ್ಳದ ಹತ್ತಿರ ಹೊಲ ಇದೆ. ಹೊಲದಲ್ಲಿ ಹುಚ್ಚೆಳ್ಳು ಹೂ ಬಿಟ್ಟಿದೆ."

ಒಂದೊಂದು ಹಕಾರವೂ ಬಂತು. ನಾನು ಬರೆಯುತ್ತಲೇ ಎಣಿಸುತ್ತಿದ್ದೆ. ಹಸು, ಹುಲ್ಲು, ಹಗ್ಗ, ಎಲ್ಲ ಬಂದವು. ಅವರ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಕೊನೆಯ ವಾಕ್ಯಕ್ಕೆ ಬಂದರು.

"ಹಸಿದ ಹಾನೆ ಹೊಲಕ್ಕೆ ಬಂತು."

ನನ್ನ ಬಳಪ ನಿಂತಿತು. ಅವರಿಗೂ ತಿಳಿಯಿತು. ತಿಳಿದದ್ದು ಅವರ ಕಿವಿ ಕೆಂಪಾದದ್ದರಲ್ಲಿ ಕಂಡಿತು. ತಿದ್ದಿ ಹೇಳಲು ಬಾಯಿ ತೆರೆದರು. ಇನ್‌ಸ್ಪೆಕ್ಟರ್ ಬೆರಳೆತ್ತಿ ಸುಮ್ಮನಿರಿಸಿ, ಎದ್ದುಬಂದು ಸ್ಲೇಟುಗಳನ್ನು ನೋಡತೊಡಗಿದರು. ಮುಂದಿನ ಸಾಲು, ನಡುವಿನ ಸಾಲು. ನಮ್ಮ ಹಿಂದೆ ಅವರ ಚಪ್ಪಲಿ ಸದ್ದುಮಾಡುತ್ತಿತ್ತು. ಕೊನೆಗೆ ಹಿಂದಿನ ಸಾಲಿನ ದಪ್ಪ ಹುಡುಗನ ಹತ್ತಿರ ನಿಂತರು.

"ಮೇಷ್ಟ್ರು ಹಾನೆ ಎಂದರು. ನೀನು ಆನೆ ಎಂದು ಬರೆದಿದ್ದೀಯೆ. ಯಾಕೆ?"

ಅವನು ಎದ್ದು ನಿಂತ. "ಆನೆ ಅಂದ್ರ ಪುಕ್ಕ ಅಲ್ಲಾಡದಿಲ್ಲ ಸಾ" ಎಂದ. ಇನ್‌ಸ್ಪೆಕ್ಟರಿಗೆ ಅರ್ಥವಾಗಲಿಲ್ಲ ಎಂದು ಕಂಡು, ಅವರ ಮೇಲೆ ಕರುಣೆ ತೋರಿಸುವವನ ಹಾಗೆ, "ನಮ್ಮ ಕಾಡಲ್ಲಿ ಬರೀ ಆನೆ ಇರದು ಸಾ. ಹಾನೆ ನಾವ್ಯಾರೂ ಕಂಡಿಲ್ಲ" ಎಂದು ಸೇರಿಸಿದ.

ಮೂವತ್ತೊಂದು ಸ್ಲೇಟುಗಳಲ್ಲಿಯೂ ಆನೆ ಆನೆಯಾಗಿಯೇ ಇತ್ತು. ಬಿಟ್ಟುಹೋದ ಹಕಾರ ಎಲ್ಲ ಸೇರಿ ಒಂಬತ್ತು. ಇನ್‌ಸ್ಪೆಕ್ಟರ್ ಬಾಗಿಲ ಕಡೆ ತಿರುಗಿ, "ಹಕಾರವೇ ಬರುವುದಿಲ್ಲ ಎಂದು ಅರ್ಜಿಯಲ್ಲಿದೆಯಲ್ಲ ಪಟೇಲರೇ?" ಎಂದು ಕೇಳಿದರು.

ಪಟೇಲರು ತಲೆ ಕೆರೆದುಕೊಂಡರು. "ಆಗ ಅಂಗಿತ್ತು ಸಾಮಿ. ಇವಾಗ ಉಸಾರಾಗವ್ರ."

ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದರು. ನಗಲಿಲ್ಲ. ಭೇಟಿಯ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಒಂದು ಪುಟ ಬರೆದು, ಸೈಕಲ್ ಹತ್ತಿ ಹೋದರು. ಏನು ಬರೆದರೆಂದು ನಮ್ಮೂರಲ್ಲಿ ಓದಬಲ್ಲವರು ಮೇಷ್ಟ್ರೊಬ್ಬರೇ. ಅವರು ಓದಿ, ಪುಸ್ತಕ ಮುಚ್ಚಿಟ್ಟು, ಹಲಗೆಯ ಬಲಗಡೆಗೆ ಹೋಗಿ 'ಉಕ್ತಲೇಖನ' ಎಂಬ ಮಾತನ್ನು ಹೊಡೆದುಹಾಕಿದರು. ನಾವು ಕುಣಿದೆವು.

ಅವರನ್ನು ಕೊನೆಯ ಸಲ ಕಂಡದ್ದು ೧೯೫೨ರ ಜನವರಿ ೧೨, ಶನಿವಾರ. ಸಂಕ್ರಾಂತಿಗೆ ಊರಿಗೆ ಹೊರಟಿದ್ದರು. ನಮ್ಮ ಮನೆಯ ಮುಂದೆ ನಿಂತು ನನ್ನನ್ನು ಕರೆದರು.

"ಲೆಕ್ಕದ ಪುಸ್ತಕ ಕೊಟ್ಟಿರಮ್ಮಿ. ಹಟ್ಟೀಲಿ ಅವ್ವನ ಜೊತೇಲಿ ಮಾತಾಡ್ವಾಗ ಎಷ್ಟು ಬುಡ್ತೀನಿ ನೋಡ್ಬೇಕು. ನಾನೇ ಬರ್ಕೊಂಡು ಬತ್ತೀನಿ."

ಕೊಟ್ಟೆ. ಅದರಲ್ಲಿ ಇನ್ನೂ ಅರ್ಧದಷ್ಟು ಖಾಲಿ ಹಾಳೆಗಳಿದ್ದವು.

ರಜ ಮುಗಿಯಿತು, ಅವರು ಬರಲಿಲ್ಲ. ಹದಿನೆಂಟು ದಿನ ಶಾಲೆ ಮುಚ್ಚಿತ್ತು. ಆಮೇಲೆ ಬೇರೊಬ್ಬ ಮೇಷ್ಟ್ರು ಬಂದರು, ಮೈಸೂರಿನವರು. ಅವರ ಹಕಾರಗಳು ಗಂಟೆ ಹೊಡೆದ ಹಾಗೆ ಕೇಳುತ್ತಿದ್ದವು. ಒಳ್ಳೆಯವರೇ. ಆದರೆ ಅವರು ಏನು ಕಲಿಸಿದರೆಂದು ಕೇಳಿದರೆ ನನಗೆ ಒಂದೂ ನೆನಪಾಗುವುದಿಲ್ಲ. ನಮ್ಮ ಮೇಷ್ಟ್ರ ಬಗ್ಗೆ ಮೂರು ಮಾತು ಕೇಳಿಬಂದವು. ಸಂತೆಮರಹಳ್ಳಿಯ ಕಡೆಗೆ ವರ್ಗವಾಯಿತು ಎಂದು ಒಬ್ಬರು, ತರಬೇತಿಗೆ ಕಳಿಸಿದರು ಎಂದು ಒಬ್ಬರು, ಹಂಗಾಮಿ ಕೆಲಸ ಮುಂದುವರಿಯದೆ ಹೊಲಕ್ಕೆ ಹಿಂದಿರುಗಿದರು ಎಂದು ಇನ್ನೊಬ್ಬರು. ಅರ್ಜಿಯಿಂದ ಹೋದರೋ, ಅರ್ಜಿಯಿಲ್ಲದಿದ್ದರೂ ಹೋಗುತ್ತಿದ್ದರೋ... ಅದು ನನಗೆ ಇವತ್ತಿಗೂ ತಿಳಿಯದು. ಅಪ್ಪನನ್ನು ಕೇಳಿದರೆ, "ಎಲ್ಲಿದ್ರೂ ಚೆನ್ನಾಗಿರ್ಲಿ ಬುಡು" ಎಂದು ಬೇರೆ ಕಡೆ ನೋಡುತ್ತಾನೆ.

ಪುಸ್ತಕ ಹೋದ ಮೇಲೆ ನಾನೇ ಹಾಳೆ ಹೊಲಿದು ಇನ್ನೊಂದು ಮಾಡಿಕೊಂಡು, ನೆನಪಿದ್ದ ತಾರೀಖುಗಳನ್ನೂ ಲೆಕ್ಕಗಳನ್ನೂ ಬರೆದಿಟ್ಟೆ. ಇಲ್ಲಿ ಕೊಟ್ಟಿರುವುದೆಲ್ಲ ಅದರಿಂದ. ಆವತ್ತಿನಿಂದ ದಿನಚರಿ ತಪ್ಪಿಲ್ಲ. ಕಳೆದ ತಿಂಗಳು ಬಸ್ಸಿನಲ್ಲಿ ಉಡಿಗಾಲಕ್ಕೂ ಹೋಗಿ ವಿಚಾರಿಸಿದೆ. ಹೆಸರೇನು ಎಂದು ಕೇಳಿದರು. ಮೇಷ್ಟ್ರು ಎಂದೆ. ಯಾವ ಊರು ಎಂದರು. ಉಡಿಗಾಲದ ಕಡೆ ಎಂದೆ. ಬಾವಿಕಟ್ಟೆಯ ಹತ್ತಿರ ಕೂತಿದ್ದ ಅಜ್ಜಿಯೊಬ್ಬಳು, "ಕಡೆ ಅಂದ್ರ ಸುತ್ತ ಏಳೆಂಟೂರು ಅವ ಕಣ್ಮಗ" ಎಂದಳು. ಅವರು ನುಂಗಿದ ಹಕಾರಗಳನ್ನೆಲ್ಲ ಬರೆದುಕೊಂಡ ನಾನು ಅವರ ಹೆಸರನ್ನೂ ಊರನ್ನೂ ಬರೆದುಕೊಂಡಿರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾಕೆ ಬರೆಯಬೇಕು ಎಂದುಕೊಂಡಿದ್ದೆ.

ಇವತ್ತಿನ ಅಭ್ಯಾಸ ಪಾಠಕ್ಕೆ ಬರುತ್ತೇನೆ. ಹಕಾರದಲ್ಲಿ ನನ್ನನ್ನು ಹಿಡಿಯುವವರು ತರಬೇತಿಯಲ್ಲಿ ಯಾರೂ ಇಲ್ಲ ಎಂದು ನನಗೊಂದು ಜಂಬವಿತ್ತು. ಆದರೆ ಆ ಎಲೆಯ ವಾಸನೆಯಲ್ಲಿ ಮೈಮರೆತಿದ್ದೆನೋ ಏನೋ, ಮುಂದಿನ ಸಾಲಿನ ಒಬ್ಬ ಹುಡುಗಿಗೆ ಉತ್ತರ ಹೇಳು ಎನ್ನುವ ಬದಲು "ಏಳು" ಎಂದುಬಿಟ್ಟೆ. ಅವಳು ಎದ್ದು ನಿಂತಳು. ನನ್ನ ಮುಖ ನೋಡಿದಳು. ಆಮೇಲೆ ತಾನಾಗಿಯೇ ಉತ್ತರವನ್ನೂ ಹೇಳಿದಳು, ಸರಿಯಾಗಿ. ಹಿಂದೆ ಕೂತಿದ್ದ ಮೇಲ್ವಿಚಾರಕರು ಕೆಂಪು ಶಾಯಿಯಲ್ಲಿ 'ಉಚ್ಚಾರಣೆ' ಎಂದು ಬರೆದು ಎರಡು ಅಂಕ ಕಳೆದರು. ನಾನು ಹೊಲಿದ ಪುಸ್ತಕದಲ್ಲಿ ಮೇಷ್ಟ್ರ ಲೆಕ್ಕಕ್ಕೆಂದು ಏಳು ವರ್ಷದಿಂದ ಖಾಲಿಬಿಟ್ಟಿದ್ದ ಬಲ ಪುಟದಲ್ಲಿ ಈಗಷ್ಟೇ ಬರೆದುಕೊಂಡೆ: ಫೆಬ್ರವರಿ ೧೭, ಒಂದು.

ಉಡಿಗಾಲದ ಸುತ್ತಿನವರಾಗಲಿ ಸಂತೆಮರಹಳ್ಳಿಯ ಕಡೆಯವರಾಗಲಿ ಇದನ್ನು ಓದಿದರೆ, ಜೇಬಿನಲ್ಲಿ ಬೂದು ಕೋಳಿಪುಕ್ಕ ಇಟ್ಟುಕೊಳ್ಳುತ್ತಿದ್ದ ಒಬ್ಬ ಮೇಷ್ಟ್ರನ್ನು ಬಲ್ಲಿರಾದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ನಾಲ್ಕು ಸಾಲು ಬರೆಯಿರಿ. ಪುಸ್ತಕವನ್ನು ಹಿಂದಿರುಗಿಸಬೇಕಾಗಿಲ್ಲ. ಅವರ ಹೆಸರೇನು, ಮತ್ತು ಸಂಕ್ರಾಂತಿಯ ದಿನ ತಾಯಿಯ ಜೊತೆ ಮಾತಾಡುವಾಗ ಎಷ್ಟು ಬಿಟ್ಟರು, ಇವೆರಡನ್ನು ತಿಳಿಸಿದರೆ ಸಾಕು.